ಬೋರ್ಡಿನ ಮೇಲಿನ ಹೆಸರು, ಒಳಗೆ ದುಡಿದ ಜನ: ಒಂದು ಬ್ಯಾಂಡಿನ 57 ವರ್ಷ, ಒಂದು ಅಂಗಡಿಯ 39 ವರ್ಷ

2025ರ ಜುಲೈ 23ರ ಬೆಳಗ್ಗೆ. ಉಪ್ಪ ಶಟರ್ ಎತ್ತಿ, ಗಲ್ಲಾಪೆಟ್ಟಿಗೆಯ ಧೂಳು ಒರೆಸಿ ಕುಳಿತಿದ್ದರು. ನಾನು ಕೆಲಸಕ್ಕೆ ಹೊರಡುವ ಮೊದಲು ಅಂಗಡಿಯ ಮೆಟ್ಟಿಲಲ್ಲಿ ಚಹಾ ಕುಡಿಯುತ್ತಾ ಮೊಬೈಲ್ ನೋಡುತ್ತಿದ್ದೆ. ನನ್ನ ಮುಖ ಸಣ್ಣದಾದದ್ದು ಅವರಿಗೆ ಕಂಡಿರಬೇಕು.

"ಎಂತ ಮೋನೆ, ಊರಿಂದ ಎಂತಾದರೂ ಸುದ್ದಿಯಾ?"

"ಊರಿಂದ ಅಲ್ಲ ಉಪ್ಪ. ಇಂಗ್ಲೆಂಡಿನಲ್ಲಿ ಒಬ್ಬ ಹಾಡುಗಾರ ತೀರಿಕೊಂಡ. ಓಝಿ ಓಸ್ಬೋರ್ನ್ ಅಂತ. ಅವರು ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಆಮೇಲೆ ಇವನನ್ನೇ ಹೊರಗೆ ಹಾಕಿದರು. ಎಷ್ಟೋ ವರ್ಷದ ನಂತರ ವಾಪಸ್ ಕರೆದರು."

ಉಪ್ಪನಿಗೆ ಹೆವಿ ಮೆಟಲ್ ಎಂದರೆ ಎಂತ ಎಂದು ಗೊತ್ತಿಲ್ಲ. ಆದರೆ ವ್ಯಾಪಾರ ಗೊತ್ತು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಪಾಲುದಾರಿಕೆಯಾ ಅದು? ಹಾಗಾದರೆ ಹೆಸರು ಯಾರ ಕೈಯಲ್ಲಿ ಉಳಿಯಿತು?"

ನಾನು ಹದಿನೆಂಟು ವರ್ಷದಿಂದ ಆ ಬ್ಯಾಂಡಿನ ಹಾಡು ಕೇಳುತ್ತಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ಉತ್ತರ. ಅದರ ಜೊತೆಗೆ ನಮ್ಮ ಮನೆಯ ಒಂದು ವಿಷಯವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಅಂಗಡಿಯ ಪರಿಚಯ. ನಾವು ಇರುವುದು ಅಕಿವಾಟದಲ್ಲಿ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು. ಸುತ್ತಲೂ ಕಬ್ಬಿನ ಗದ್ದೆ, ಪಕ್ಕದಲ್ಲೇ ಕರ್ನಾಟಕದ ಗಡಿ. ಸರಕಾರಿ ಕಾಗದ ಮರಾಠಿಯಲ್ಲಿ, ಮನೆಮಾತು ಎಷ್ಟೋ ಜನರಿಗೆ ಕನ್ನಡ. ಬ್ಯಾರಿಗಳು ಘಟ್ಟ ಹತ್ತಿ ಅಂಗಡಿ ಇಟ್ಟದ್ದು ನಿಮಗೆ ಹೊಸ ಸುದ್ದಿಯಲ್ಲ. ಆದರೆ ಕೃಷ್ಣಾ ನದಿಯ ದಂಡೆಯವರೆಗೆ ಬಂದವರು ಕಡಿಮೆ. ತೆಂಗಿನಕಾಯಿ ಲಾರಿಯ ಜೊತೆಗೆ ಬಂದ ದೊಡ್ಡಪ್ಪ, ಉಪ್ಪ ಮತ್ತು ಚಿಕ್ಕಪ್ಪ ಮೂವರೂ ಸೇರಿ 1986ರಲ್ಲಿ ಇಲ್ಲಿ ಅಂಗಡಿ ತೆರೆದರು. ತೆಂಗಿನಕಾಯಿ, ಕೊಬ್ಬರಿ, ಅಡಿಕೆ, ಆಮೇಲೆ ದಿನಸಿ. ಬೋರ್ಡಿನಲ್ಲಿ ದೊಡ್ಡಪ್ಪನ ಹೆಸರು, ಅದರ ಮುಂದೆ 'ಆಂಡ್ ಬ್ರದರ್ಸ್'. ಮರಾಠಿಯಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ. ಇವತ್ತಿಗೂ ಅದೇ ಬೋರ್ಡು.

ನಾನು ಡಿಪ್ಲೊಮಾ ಓದಿದ್ದು ಊರಿನ ಕಡೆ, ಮೆಕ್ಯಾನಿಕಲ್. ಹಾಸ್ಟೆಲಿನ ರೂಮಿನಲ್ಲಿ ಒಬ್ಬ ಗೆಳೆಯನ ಹತ್ತಿರ ಎಂಪಿ3 ಸಿಡಿಗಳ ಒಂದು ಕಟ್ಟು ಇತ್ತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಅವನು ಬಸ್ಸು ಹತ್ತಿ ಹೋಗಿದ್ದ. ಆ ಬ್ಯಾಂಡ್ ಭಾರತದಲ್ಲಿ ನಡೆಸಿದ ಮೊದಲ ಕಾರ್ಯಕ್ರಮ ಅದು. ನನ್ನಲ್ಲಿ ಟಿಕೆಟಿಗೆ ದುಡ್ಡಿರಲಿಲ್ಲ. ಅವನು ಗಂಟಲು ಕಟ್ಟಿಸಿಕೊಂಡು ವಾಪಸ್ ಬಂದು ನನಗೆ ಕೊಟ್ಟದ್ದು ಮಾತ್ರ ಬೇರೆ ಬ್ಯಾಂಡಿನ ಸಿಡಿ. "ಇದು ಎಲ್ಲದರ ಬೇರು, ಮೊದಲು ಇದನ್ನು ಕೇಳು" ಅಂದ. ಅದು ಬ್ಲ್ಯಾಕ್ ಸಬಾತ್.

ಹಿರಿಯರಲ್ಲಿ ಒಂದು ಮಾತು. ಸಂಗೀತ ಕೇಳಬಹುದೋ ಬಾರದೋ ಎಂಬ ಚರ್ಚೆ ನನ್ನ ಯೋಗ್ಯತೆಗೆ ಮೀರಿದ್ದು, ಅದಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ಹೆಸರು ಕೇಳಿ ಗಾಬರಿಯಾಗಬೇಡಿ ಎಂದಷ್ಟೇ ಹೇಳುತ್ತೇನೆ. ಆ ಹೆಸರು ಬಂದದ್ದು 1963ರ ಒಂದು ಭೂತದ ಸಿನಿಮಾದಿಂದ. ಜನ ದುಡ್ಡು ಕೊಟ್ಟು ಹೆದರಲು ಹೋಗುತ್ತಾರಲ್ಲ, ಹಾಗಾದರೆ ಹೆದರಿಸುವ ಸಂಗೀತಕ್ಕೂ ಗಿರಾಕಿ ಇರಬೇಕು ಎಂದು ಆ ಹುಡುಗರು ಲೆಕ್ಕ ಹಾಕಿದರು. ಅದು ವ್ಯಾಪಾರದ ಲೆಕ್ಕ. ನಾನು ಬರೆಯುತ್ತಿರುವುದು ಅವರ ಹಾಡಿನ ಬಗ್ಗೆ ಕಡಿಮೆ, ಅವರ ಹಾಜರಿ ಪುಸ್ತಕದ ಬಗ್ಗೆ ಹೆಚ್ಚು.

ನಾಲ್ಕು ಜನ, ಒಂದು ಪ್ರೆಸ್ ಮಿಷನ್

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಇಚಲಕರಂಜಿಯಲ್ಲಿ ನಡೆದು ಹೋಗುವಾಗ ಮನೆಮನೆಯಿಂದ ಮಗ್ಗದ ಸದ್ದು ಕೇಳುತ್ತದಲ್ಲ, ಹಾಗೆ ಅಲ್ಲಿ ಕಬ್ಬಿಣದ ಸದ್ದು. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರ್ ತಂದದ್ದು. ಅಲ್ಲಿಂದ ಅದು ನೇಕಾರರ ದೊಡ್ಡ ಪೇಟೆಯಾಯಿತು. ನಾನು ಈಗ ಕೆಲಸ ಮಾಡುವುದೂ ಆ ಊರಿನಲ್ಲೇ, ಮಗ್ಗದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ.

ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬ ಬಡವರ ಬಡಾವಣೆಯ ಹುಡುಗರು ಇವರು. ಟೋನಿ ಅಯೋಮಿ ಗಿಟಾರ್, ಗೀಜರ್ ಬಟ್ಲರ್ ಬೇಸ್ ಗಿಟಾರ್, ಬಿಲ್ ವಾರ್ಡ್ ಡ್ರಮ್ಸ್, ಓಝಿ ಓಸ್ಬೋರ್ನ್ ಹಾಡುಗಾರ. ಗೀಜರ್ ಲೆಕ್ಕಪತ್ರದ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವನು. ಓಝಿ ಕಸಾಯಿಖಾನೆಯಲ್ಲಿ ದುಡಿದಿದ್ದ. ಕಾರಿನ ಹಾರ್ನ್ ಸರಿಯಾಗಿ ಕೂಗುತ್ತದಾ ಎಂದು ನೋಡುವ ಕೆಲಸವನ್ನೂ ಮಾಡಿದ್ದ.

ಟೋನಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡರ್. ಹದಿನೇಳನೇ ವಯಸ್ಸಿನಲ್ಲಿ ಒಂದು ಬ್ಯಾಂಡಿನ ಜೊತೆ ಯುರೋಪಿಗೆ ಹೋಗುವ ಅವಕಾಶ ಬಂತು, ಕೆಲಸ ಬಿಟ್ಟ. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ದಿನ ಪೂರ್ತಿ ಮಾಡಿ ಬಾ ಎಂದು ತಾಯಿ ಕಳಿಸಿದರು. ಆ ದಿನ ಪ್ರೆಸ್ ನಡೆಸುವವನು ಬಂದಿರಲಿಲ್ಲ, ಹಾಗಾಗಿ ಟೋನಿಯನ್ನು ಆ ಮಿಷನ್ನಿಗೆ ನಿಲ್ಲಿಸಿದ್ದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು, ನಡುಬೆರಳು ಮತ್ತು ಉಂಗುರಬೆರಳು. ಅವನು ಎಡಚ, ಆದ್ದರಿಂದ ಗಿಟಾರಿನ ತಂತಿ ಒತ್ತುವುದು ಆ ಬಲಗೈಯಲ್ಲೇ.

ಕಾರ್ಖಾನೆಯ ಮ್ಯಾನೇಜರ್ ಅವನಿಗೆ ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರುವಾದಕನ ರೆಕಾರ್ಡ್ ತಂದುಕೊಟ್ಟ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟು, ಎರಡೇ ಬೆರಳಿನಲ್ಲಿ ನುಡಿಸುತ್ತಿದ್ದವನು ಜಾಂಗೋ. ಟೋನಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿಯ ಹಾಗೆ ಅಚ್ಚು ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡ. ಗಟ್ಟಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹೊತ್ತಿಗೆ ತಂತಿಗಳ ಬಿಗಿಯನ್ನೇ ಇಳಿಸಿದ. ಬಿಗಿ ಇಳಿದರೆ ಸ್ವರವೂ ಇಳಿಯುತ್ತದೆ, ಇದು ನಮ್ಮ ಪಾಠದಲ್ಲೂ ಇತ್ತು. ಆ ಇಳಿದ, ಭಾರವಾದ ಸ್ವರವನ್ನೇ ಆಮೇಲೆ ಬಂದ ಸಾವಿರಾರು ಬ್ಯಾಂಡುಗಳು ಕಲಿತವು. ಒಂದು ಪ್ರೆಸ್ ಅಪಘಾತಕ್ಕೆ ಮಾಡಿಕೊಂಡ ರಿಪೇರಿ ಒಂದು ಸಂಗೀತದ ಗುರುತಾಯಿತು.

ಈ ಕಥೆಯನ್ನು ನಾನು ಒಮ್ಮೆ ತಪ್ಪು ಜಾಗದಲ್ಲಿ ಹೇಳಿದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಪವರ್ ಪ್ರೆಸ್ಸಿನಲ್ಲಿ ಒಬ್ಬ ಹುಡುಗನ ತೋರುಬೆರಳಿನ ತುದಿ ಹೋಯಿತು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕಾದ ಸ್ವಿಚ್ಚನ್ನು, ಕೆಲಸ ಬೇಗ ಆಗಲಿ ಎಂದು ಒಂದೇ ಕೈಗೆ ಬರುವ ಹಾಗೆ ಕಟ್ಟಿದ್ದರು. ಆಸ್ಪತ್ರೆಯಲ್ಲಿ ಧೈರ್ಯ ತುಂಬಲು ಅವನಿಗೆ ಟೋನಿಯ ಕಥೆ ಹೇಳಿದೆ. ಪೂರ್ತಿ ಕೇಳಿ ಅವನು ಅಂದ: "ಅದೆಲ್ಲಾ ಖರೆ ರೀ. ಅವಂಗ ಕಂಪನಿಯವರು ರೊಕ್ಕಾ ಕೊಟ್ರೇನ್ರಿ?"

ನಾನು ಸುಮ್ಮನಾದೆ. ಆಮೇಲೆ ಬ್ಯಾಂಡುಗಳ ಇತಿಹಾಸ ಓದುವಾಗಲೆಲ್ಲ ಆ ಹುಡುಗನ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಓದಿದೆ. ಯಾರು ದುಡಿದರು, ಯಾರ ಹೆಸರು ಬರೆದರು, ಯಾರಿಗೆ ಏನು ಸಿಕ್ಕಿತು.

ಹೆಸರು ನಿಂತಿತು, ಜನ ಬದಲಾದರು

1968ರಲ್ಲಿ ಶುರುವಾದಾಗ ಅವರು ಆರು ಜನ. ಒಬ್ಬ ಸ್ಯಾಕ್ಸೊಫೋನ್, ಇನ್ನೊಬ್ಬ ಸ್ಲೈಡ್ ಗಿಟಾರ್. ಹೆಸರು 'ಪೋಲ್ಕಾ ಟಲ್ಕ್'. ಸ್ವಲ್ಪದರಲ್ಲೇ ಆ ಇಬ್ಬರು ಹೋಗಿ ನಾಲ್ವರು ಉಳಿದರು, ಹೆಸರು 'ಅರ್ಥ್' ಆಯಿತು. ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಇದ್ದದ್ದರಿಂದ 1969ರಲ್ಲಿ ಬ್ಲ್ಯಾಕ್ ಸಬಾತ್ ಎಂದು ಬದಲಿಸಿದರು. ಈ ನಡುವೆ ಟೋನಿ ಒಮ್ಮೆ ಜೆಥ್ರೊ ಟಲ್ ಎಂಬ ದೊಡ್ಡ ಬ್ಯಾಂಡಿಗೆ ಹೋಗಿ ಕೆಲವೇ ದಿನದಲ್ಲಿ ವಾಪಸ್ ಬಂದ. ಹೊಸ ಕೆಲಸಕ್ಕೆ ಹೋಗಿ, ಅಲ್ಲಿನ ಶಿಸ್ತು ನೋಡಿ, ಹಳೆಯ ಗೆಳೆಯರಿಗೂ ಅದನ್ನು ಕಲಿಸಿದ.

ಮೊದಲ ಆಲ್ಬಂ 1970ರ ಫೆಬ್ರವರಿ 13, ಶುಕ್ರವಾರ ಬಂತು. ರೆಕಾರ್ಡಿಂಗ್ ಮುಗಿದದ್ದು ಸುಮಾರು ಒಂದೇ ದಿನದಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ 'ಪ್ಯಾರನಾಯ್ಡ್', ಅದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. 1970ರಿಂದ 1978ರವರೆಗೆ ಇದೇ ನಾಲ್ವರು ಎಂಟು ಆಲ್ಬಂ ಮಾಡಿದರು. ದುಡ್ಡು ಬಂತು, ದುಡ್ಡಿನ ಜೊತೆಗೆ ಮದ್ಯ, ಮಾದಕ ಪದಾರ್ಥ ಎಲ್ಲ ಬಂತು. ಅದನ್ನು ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಅವರನ್ನು ಅದೇ ಹಾಳು ಮಾಡಿತು, ಅವರೇ ಅದನ್ನು ಹೇಳಿಕೊಂಡಿದ್ದಾರೆ.

1977ರ ಕೊನೆಗೆ ಓಝಿ ತಾನೇ ಬಿಟ್ಟು ಹೋದ. ಡೇವ್ ವಾಕರ್ ಎಂಬವನನ್ನು ತಂದರು. 1978ರ ಜನವರಿಯಲ್ಲಿ ಓಝಿ ವಾಪಸ್ ಬಂದ, ವಾಕರ್ ಹೋದ. 1979ರ ಏಪ್ರಿಲಿನಲ್ಲಿ ಓಝಿಯನ್ನು ಬ್ಯಾಂಡೇ ತೆಗೆದುಹಾಕಿತು. ಆ ಸುದ್ದಿಯನ್ನು ಅವನಿಗೆ ಹೇಳುವ ಕೆಲಸ ಬಿದ್ದದ್ದು ಅವನ ಆತ್ಮೀಯ ಗೆಳೆಯ ಬಿಲ್ ವಾರ್ಡ್ ಮೇಲೆ. ಪಾಲುಪಟ್ಟಿಯ ಮಾತು ಹೇಳಲು ಮನೆಯಲ್ಲಿ ಯಾವಾಗಲೂ ಮೆತ್ತಗಿನವನನ್ನೇ ಕಳಿಸುತ್ತಾರಲ್ಲ, ಹಾಗೆ.

ಓಝಿಯ ಜಾಗಕ್ಕೆ ಬಂದವನು ಅಮೆರಿಕದ ರಾನಿ ಜೇಮ್ಸ್ ಡಿಯೋ. ಸಣ್ಣ ಆಳು, ದೊಡ್ಡ ಗಂಟಲು. 1980ರ 'ಹೆವನ್ ಆಂಡ್ ಹೆಲ್' ಮುಳುಗುತ್ತಿದ್ದ ಬ್ಯಾಂಡನ್ನು ಎತ್ತಿ ನಿಲ್ಲಿಸಿತು. ಅದೇ ವರ್ಷ ಓಝಿಯೂ ತನ್ನದೇ ಆಲ್ಬಂ ತಂದು ಗೆದ್ದ. ಒಂದು ಅಂಗಡಿ ಒಡೆದು ಎರಡಾಗಿ, ಎರಡೂ ನಡೆದ ಹಾಗೆ. ಆದರೆ ಆಗಸ್ಟಿನಲ್ಲಿ, ಪ್ರವಾಸದ ನಡುವೆಯೇ ಬಿಲ್ ವಾರ್ಡ್ ಬಿಟ್ಟು ಹೋದ. ವಿನ್ನಿ ಅಪೀಸ್ ಡ್ರಮ್ಸಿಗೆ ಬಂದ. 1981ರಲ್ಲಿ 'ಮಾಬ್ ರೂಲ್ಸ್'. 1982ರಲ್ಲಿ ಒಂದು ಲೈವ್ ಆಲ್ಬಮ್ಮಿನ ಮಿಕ್ಸಿಂಗ್ ವಿಷಯದಲ್ಲಿ ಜಗಳವಾಗಿ ಡಿಯೋ, ಅಪೀಸ್ ಇಬ್ಬರೂ ಹೊರಟರು.

1983ರಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಇಯಾನ್ ಗಿಲನ್ ಬಂದು 'ಬಾರ್ನ್ ಅಗೇನ್' ಹಾಡಿದ. ಡ್ರಮ್ಸ್ ನುಡಿಸಲು ಬಿಲ್ ವಾರ್ಡ್ ವಾಪಸ್ ಬಂದ, ಆದರೆ ಪ್ರವಾಸಕ್ಕೆ ಹೋಗಲಿಲ್ಲ, ಅಲ್ಲಿಗೆ ಬೆವ್ ಬೆವನ್. ಈ ಪ್ರವಾಸದ್ದೇ ಒಂದು ಪ್ರಸಿದ್ಧ ತಮಾಷೆ, ಡಿಪ್ಲೊಮಾ ಓದಿದವರೆಲ್ಲ ಕೇಳಬೇಕಾದದ್ದು. ವೇದಿಕೆಗೆ ಸ್ಟೋನ್‌ಹೆಂಜ್ ಕಲ್ಲುಗಳ ಮಾದರಿ ಮಾಡಿಸಿದರು. ಅಡಿಯಲ್ಲಿ ಕೊಟ್ಟ ಅಳತೆಯನ್ನು ಮಾಡುವವರು ಮೀಟರ್ ಎಂದು ಓದಿಕೊಂಡರು ಎಂಬುದು ಬ್ಯಾಂಡಿನವರೇ ಹೇಳುವ ಕಥೆ. ಕಲ್ಲುಗಳು ಎಷ್ಟು ದೊಡ್ಡದಾದವೆಂದರೆ ಹೆಚ್ಚಿನ ಸಭಾಂಗಣಗಳ ಒಳಗೇ ಹೋಗಲಿಲ್ಲ. ಡ್ರಾಯಿಂಗಿನಲ್ಲಿ ಯೂನಿಟ್ ಬರೆಯದಿದ್ದರೆ ಏನಾಗುತ್ತದೆ ಎಂದು ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುವ ಉದಾಹರಣೆ ಇದೇ.

1984ರಲ್ಲಿ ಗೀಜರ್ ಕೂಡ ಹೋದ. ಉಳಿದದ್ದು ಟೋನಿ ಒಬ್ಬನೇ. 1985ರ ಜುಲೈ 13ರ ಲೈವ್ ಏಡ್ ಕಾರ್ಯಕ್ರಮಕ್ಕೆ ಹಳೆಯ ನಾಲ್ವರು ಫಿಲಡೆಲ್ಫಿಯದಲ್ಲಿ ಒಂದು ದಿನದ ಮಟ್ಟಿಗೆ ಸೇರಿದರು, ಮತ್ತೆ ಚದುರಿದರು. ಮದುವೆ ಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿ, ಮರುದಿನ ಮತ್ತೆ ಮಾತು ಬಿಡುವ ಅಣ್ಣತಮ್ಮಂದಿರ ಹಾಗೆ.

ಟೋನಿ ತನ್ನ ಸ್ವಂತ ಹೆಸರಿನಲ್ಲಿ ಒಂದು ಆಲ್ಬಂ ತರಲು ಹೊರಟ. ಗ್ಲೆನ್ ಹ್ಯೂಸ್ ಹಾಡಿದ. ಆದರೆ ರೆಕಾರ್ಡ್ ಕಂಪೆನಿ ಕೇಳಲಿಲ್ಲ, ಮಾರಾಟವಾಗಬೇಕಾದರೆ ಹಳೆಯ ಹೆಸರೇ ಬೇಕು ಎಂದಿತು. 1986ರಲ್ಲಿ 'ಸೆವೆಂತ್ ಸ್ಟಾರ್' ಬಂದಾಗ ಮುಖಪುಟದಲ್ಲಿ ಬರೆದದ್ದು 'ಬ್ಲ್ಯಾಕ್ ಸಬಾತ್ ಫೀಚರಿಂಗ್ ಟೋನಿ ಅಯೋಮಿ' ಎಂದು. ತನ್ನದೇ ಬ್ಯಾಂಡಿನಲ್ಲಿ ತಾನೇ ಅತಿಥಿ! ಬೋರ್ಡು ಮನುಷ್ಯನಿಗಿಂತ ದೊಡ್ಡದಾಗುವುದು ಹೀಗೆ. ಮೂವತ್ತೊಂಬತ್ತು ವರ್ಷ 'ಆಂಡ್ ಬ್ರದರ್ಸ್' ಎಂಬ ಬೋರ್ಡಿನ ಕೆಳಗೆ ಕುಳಿತಿರುವ ನನ್ನ ಉಪ್ಪನ ಹೆಸರು ಆ ಬೋರ್ಡಿನಲ್ಲಿ ಎಲ್ಲೂ ಇಲ್ಲ. ಅವರು 'ಬ್ರದರ್ಸ್'ನ ಒಳಗಿದ್ದಾರೆ.

ಟೋನಿ ಮಾರ್ಟಿನ್ ಎಂಬ ಹಾಡುಗಾರ

ಈಗ ಹೇಳುವವನ ಹೆಸರು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮೆಟಲ್ ಕೇಳುವವರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. 1987ರ 'ದಿ ಇಟರ್ನಲ್ ಐಡಲ್' ಆಲ್ಬಮ್ಮನ್ನು ರೇ ಗಿಲನ್ ಎಂಬವನು ಹಾಡಿ ಅರ್ಧಕ್ಕೆ ಬಿಟ್ಟಿದ್ದ. ಆ ಹಾಡುಗಳನ್ನು ಮತ್ತೆ ಹಾಡಲು ಬಂದವನು ಬರ್ಮಿಂಗ್‌ಹ್ಯಾಮಿನವನೇ ಆದ ಟೋನಿ ಮಾರ್ಟಿನ್. ಬಂದವನು ನಿಂತ. 1989ರಲ್ಲಿ ಕೋಜಿ ಪೊವೆಲ್ ಡ್ರಮ್ಸಿನ ಜೊತೆ 'ಹೆಡ್‌ಲೆಸ್ ಕ್ರಾಸ್', 1990ರಲ್ಲಿ 'ಟೀರ್'. ಜಾಗ ಖಾಲಿ ಬಿದ್ದ ಕಾಲದಲ್ಲಿ, ಹಳೆಯ ಗಿರಾಕಿಗಳು ತಿರುಗಿಯೂ ನೋಡದ ಕಾಲದಲ್ಲಿ, ಅಂಗಡಿಯ ಬಾಗಿಲು ಮುಚ್ಚದ ಹಾಗೆ ನೋಡಿಕೊಂಡವನು.

ಆಮೇಲೆ ಡಿಯೋ ವಾಪಸ್ ಬರುತ್ತಾನೆಂದಾಯಿತು. ಮಾರ್ಟಿನ್ ಹೊರಗೆ. ಡಿಯೋ 1992ರ 'ಡಿಹ್ಯೂಮನೈಜರ್' ಹಾಡಿದ. ಅದೇ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಝಿಯ ಕಾರ್ಯಕ್ರಮಕ್ಕೆ ಮುಂಚೆ ಹಾಡಬೇಕೆಂದಾಗ ಡಿಯೋ ಒಪ್ಪದೆ ಹೊರಟ. ಜೂಡಸ್ ಪ್ರೀಸ್ಟ್ ಬ್ಯಾಂಡಿನ ರಾಬ್ ಹ್ಯಾಲ್‌ಫರ್ಡ್ ಎರಡು ರಾತ್ರಿ ನಿಂತು ಮಾನ ಉಳಿಸಿದ. ಮತ್ತೆ ಕರೆ ಹೋದದ್ದು ಮಾರ್ಟಿನ್‌ಗೆ. ಅವನು ಬಂದ. 1994ರಲ್ಲಿ 'ಕ್ರಾಸ್ ಪರ್ಪಸಸ್', 1995ರಲ್ಲಿ 'ಫರ್ಬಿಡನ್'. 1997ರಲ್ಲಿ ಓಝಿ ವಾಪಸ್ ಬಂದು ಹಳೆಯ ನಾಲ್ವರು ಒಂದಾದರು. ಮಾರ್ಟಿನ್ ಮತ್ತೆ ಹೊರಗೆ, ಈ ಸಲ ಕಾಯಂ.

ಲೆಕ್ಕ ಮಾಡೋಣ. ಬ್ಲ್ಯಾಕ್ ಸಬಾತ್ ಒಟ್ಟು ಮಾಡಿದ್ದು 19 ಸ್ಟುಡಿಯೋ ಆಲ್ಬಂ. ಹತ್ತೊಂಬತ್ತರಲ್ಲೂ ಇರುವವನು ಟೋನಿ ಅಯೋಮಿ ಒಬ್ಬನೇ. ಹಾಡಿದವರಲ್ಲಿ ಓಝಿ 9, ಡಿಯೋ 3, ಗಿಲನ್ 1, ಹ್ಯೂಸ್ 1, ಮಾರ್ಟಿನ್ 5. ಓಝಿಯನ್ನು ಬಿಟ್ಟರೆ ಅತಿ ಹೆಚ್ಚು ಹಾಡಿದವನು ಮಾರ್ಟಿನ್. ಆದರೆ 2006ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿದ್ದು ಮೊದಲ ನಾಲ್ವರನ್ನು ಮಾತ್ರ. ಅವನ ಕಾಲದ ಆಲ್ಬಮ್ಮುಗಳು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2024ರಲ್ಲಿ 'ಆನೊ ಡೊಮಿನಿ' ಎಂಬ ಪೆಟ್ಟಿಗೆಯಲ್ಲಿ 1989ರಿಂದ 1995ರವರೆಗಿನ ನಾಲ್ಕು ಆಲ್ಬಂಗಳು ಮತ್ತೆ ಬಂದಾಗಷ್ಟೇ ಹೊಸ ಹುಡುಗರು, ಅರೆ, ಇದು ಇಷ್ಟು ಒಳ್ಳೆಯದಿತ್ತಾ ಎಂದು ಕೇಳಿದರು.

ಉಳಿದ ಕಥೆ ಬೇಗ ಹೇಳುತ್ತೇನೆ. ಡಿಯೋ ಜೊತೆಗಿನ ತಂಡ 2006ರಿಂದ 'ಹೆವನ್ ಆಂಡ್ ಹೆಲ್' ಎಂಬ ಬೇರೆ ಬೋರ್ಡು ಹಾಕಿ ನಡೆಯಿತು. 2010ರ ಮೇ 16ರಂದು ಡಿಯೋ ಕ್ಯಾನ್ಸರಿನಿಂದ ತೀರಿಕೊಂಡ. ಅದಕ್ಕೆ ಮೊದಲು, 2009ರಲ್ಲಿ, ಹೆಸರಿನ ಹಕ್ಕಿಗಾಗಿ ಓಝಿ ಟೋನಿಯ ಮೇಲೆ ಕೋರ್ಟಿಗೆ ಹೋದ. ಮರುವರ್ಷ ರಾಜಿಯಾಯಿತು. ನಾಲ್ವರೂ ಸೇರುತ್ತೇವೆಂದು 2011ರ ನವೆಂಬರ್ 11ರಂದು ಹೇಳಿದರು. ಸಹಿ ಹಾಕುವಂಥ ಕರಾರು ಕೊಡಲಿಲ್ಲ ಎಂದು ಬಿಲ್ ವಾರ್ಡ್ 2012ರಲ್ಲಿ ಹಿಂದೆ ಸರಿದ. 2013ರ '13' ಆಲ್ಬಮ್ಮಿಗೆ ಡ್ರಮ್ಸ್ ಬಾರಿಸಿದ್ದು ಬ್ರಾಡ್ ವಿಲ್ಕ್. 43 ವರ್ಷದ ನಂತರ ಅದು ಬ್ರಿಟನ್ನಿನಲ್ಲಿ ಮತ್ತೆ ಒಂದನೇ ಸ್ಥಾನ ತಂದಿತು. 2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮಿನಲ್ಲಿ ವಿದಾಯದ ಕಾರ್ಯಕ್ರಮ, ವಾರ್ಡ್ ಇಲ್ಲದೆ.

2025ರ ಜುಲೈ 5ರಂದು ಅವರ ಹಳೆಯ ಬಡಾವಣೆಯ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಗೂ ನಾಲ್ವರು ಒಂದೇ ವೇದಿಕೆ ಹತ್ತಿದರು. ಲಾಭ ಆಸ್ಪತ್ರೆ, ದತ್ತಿ ಸಂಸ್ಥೆಗಳಿಗೆ. ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದ ಓಝಿ ಕುರ್ಚಿಯಲ್ಲಿ ಕೂತೇ ಹಾಡಿದ. ನಾಲ್ಕು ಹಾಡು. ಹದಿನೇಳನೇ ದಿನಕ್ಕೆ ಅವನು ಹೋದ. ಟೋನಿ ಮಾರ್ಟಿನ್ ಆ ವೇದಿಕೆಯಲ್ಲಿ ಇರಲಿಲ್ಲ.

ನಮ್ಮ ಕಡೆಯ ಲೆಕ್ಕ

ಇದು ಇಂಗ್ಲೆಂಡಿನವರ ರೋಗ ಎಂದುಕೊಳ್ಳಬೇಡಿ. ನಾನು ಇರುವ ಈ ಸೀಮೆಯಲ್ಲೇ ಇದಕ್ಕಿಂತ ಹಳೆಯ ಕಥೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕದ ಕಂಪೆನಿ ಕಟ್ಟಿದರು. ಐದೇ ವರ್ಷಕ್ಕೆ ತೀರಿಕೊಂಡರು. ಹೆಸರು ಮುಂದುವರಿಯಿತು. ಹಾಡುವ ನಟರು ಬಂದರು, ಹೋದರು. 1905ರಲ್ಲಿ ಸೇರಿದ ಬಾಲಗಂಧರ್ವರು 1913ರಲ್ಲಿ ಗಣಪತರಾವ್ ಬೋಡಸ್, ಗೋವಿಂದರಾವ್ ಟೇಂಬೆ ಅವರ ಜೊತೆ ಹೊರಬಂದು ಗಂಧರ್ವ ನಾಟಕ ಮಂಡಳಿ ಮಾಡಿದರು. 1918ರಲ್ಲಿ ದೀನಾನಾಥ ಮಂಗೇಶ್ಕರರೂ ಹೊರಬಂದು ಬಲವಂತ ಮಂಡಳಿ ಕಟ್ಟಿದರು. ಕಿರ್ಲೋಸ್ಕರ್ ಎಂದರೆ ನೀರಿನ ಪಂಪು ಎಂದಷ್ಟೇ ಗೊತ್ತಿದ್ದ ಉಪ್ಪ ಇದನ್ನು ಕೇಳಿ ಆಶ್ಚರ್ಯಪಟ್ಟರು. ಪಂಪಿನ ಕಿರ್ಲೋಸ್ಕರ್, ಲಕ್ಷ್ಮಣರಾವ್, ಅವರೂ ಅದೇ ಗುರ್ಲಹೊಸೂರಿನವರು.

ಬೆಂಗಳೂರಿನ ಕ್ರಿಪ್ಟೋಸ್ ನಮ್ಮ ಕಾಲದ ಉದಾಹರಣೆ. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ 1998ರಲ್ಲಿ ಕಟ್ಟಿದ ಹೆವಿ ಮೆಟಲ್ ಬ್ಯಾಂಡ್. ಮೊದಲ ಆಲ್ಬಂ 2004ರಲ್ಲಿ, 'ಸ್ಪೈರಲ್ ಅಸೆಂಟ್'. ಮೊದಲು ಗಣೇಶ್ ಹಾಡುತ್ತಿದ್ದರು, ಆಮೇಲೆ ಹಾಡುವ ಕೆಲಸವೂ ನೋಲನ್ ಮೇಲೆ ಬಂತು. ಗಣೇಶ್ ಬಿಟ್ಟು ಹೋದರು, ಕೆಲವು ವರ್ಷದ ನಂತರ ವಾಪಸ್ ಬಂದರು. ಎರಡನೇ ಗಿಟಾರಿಗೆ ಬಂದ ರೋಹಿತ್ ಚತುರ್ವೇದಿ ನಿಂತರು. ಡ್ರಮ್ಸಿನ ಸೀಟಿನಲ್ಲಿ ಹಲವರು ಬದಲಾದರು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಅವರು ನುಡಿಸಿದರು. ಇಂಥ ಸಂಗೀತದಿಂದ ಮನೆ ನಡೆಯದ ದೇಶದಲ್ಲಿ ಒಂದು ಬ್ಯಾಂಡ್ 25 ವರ್ಷ ದಾಟಿದೆ ಎಂದರೆ ಯಾರೋ ಒಬ್ಬರು ಹಟ ಹಿಡಿದು ಕುಳಿತಿದ್ದಾರೆ ಎಂದೇ ಅರ್ಥ.

ಇನ್ನೊಂದು ದಾರಿಯೂ ಇದೆ. ಅದನ್ನು ತೋರಿಸಿದ್ದು ನನ್ನ ಗೆಳೆಯ ನೋಡಿ ಬಂದ ಐರನ್ ಮೇಡನ್. ಅವರಲ್ಲೂ 1975ರಿಂದ ಸ್ಟೀವ್ ಹ್ಯಾರಿಸ್ ಎಂಬ ಕಂಬ ಇದೆ, ಸುತ್ತಲಿನವರು ಬದಲಾಗಿದ್ದಾರೆ. 1990ರಲ್ಲಿ ಗಿಟಾರಿನ ಏಡ್ರಿಯನ್ ಸ್ಮಿತ್ ಹೋದಾಗ ಜಾನಿಕ್ ಗರ್ಸ್ ಬಂದ. 1999ರಲ್ಲಿ ಹಾಡುಗಾರ ಬ್ರೂಸ್ ಡಿಕಿನ್ಸನ್ ವಾಪಸ್ ಬರುವಾಗ ಸ್ಮಿತ್ ಕೂಡ ವಾಪಸ್ ಬಂದ. ಎಲ್ಲರೂ ಜಾನಿಕ್ ಇನ್ನು ಹೊರಗೆ ಎಂದುಕೊಂಡರು. ಅವರು ಕಳಿಸಲಿಲ್ಲ. ಎರಡು ಗಿಟಾರಿನ ಬ್ಯಾಂಡನ್ನು ಮೂರು ಗಿಟಾರಿನದ್ದು ಮಾಡಿದರು. 2000ದ 'ಬ್ರೇವ್ ನ್ಯೂ ವರ್ಲ್ಡ್' ಆರು ಜನರ ಆಲ್ಬಂ. ಬೆಂಗಳೂರಿಗೆ ಬಂದದ್ದೂ ಆ ಆರು ಜನ. ವಾಪಸ್ ಬಂದವನಿಗೆ ಜಾಗ ಕೊಟ್ಟರು, ಇದ್ದವನ ಜಾಗ ಕಿತ್ತುಕೊಳ್ಳಲಿಲ್ಲ.

ಈಗ ಮನೆಯ ವಿಷಯ

ದೊಡ್ಡಪ್ಪ 1998ರಲ್ಲಿ ಊರಿಗೆ ಮರಳಿ ಅಲ್ಲೇ ಅಂಗಡಿ ಇಟ್ಟರು. ಚಿಕ್ಕಪ್ಪ 2003ರಲ್ಲಿ ದಮ್ಮಾಮಿಗೆ ಹೋದರು. ಉಳಿದದ್ದು ಉಪ್ಪ. 2005ರಲ್ಲಿ ಇದೇ ಊರಿನ ಒಬ್ಬರು ಸಹಾಯಕ್ಕೆ ಬಂದರು. ನಮ್ಮವರಲ್ಲ, ಇಲ್ಲಿನ ರೈತರ ಮನೆಯವರು. ಅವರನ್ನು ನಾನು ಅಣ್ಣ ಎಂದು ಕರೆಯುತ್ತೇನೆ. 2011ರಲ್ಲಿ ಉಪ್ಪನ ಹೃದಯದ ಆಪರೇಷನ್ ಆದಾಗ ಆರು ತಿಂಗಳು ಬಾಗಿಲು ತೆಗೆದದ್ದು ಅಣ್ಣ. ಪ್ರತಿ ರಾತ್ರಿ ಲೆಕ್ಕದ ಪುಸ್ತಕ ಮನೆಗೆ ತಂದು ಉಮ್ಮನ ಕೈಗೆ ಕೊಡುತ್ತಿದ್ದರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಪಂಚಗಂಗಾ ಎರಡೂ ಉಕ್ಕಿ ಶಿರೋಳ ತಾಲೂಕು ನೀರಿನಲ್ಲಿ ನಿಂತಾಗ ನಾವೆಲ್ಲ ಊರಲ್ಲಿ ಮದುವೆಯಲ್ಲಿದ್ದೆವು, ರಸ್ತೆ ಬಂದ್. ಅಣ್ಣ ತಮ್ಮ ಮನೆಯ ಸಾಮಾನು ಎತ್ತಿಟ್ಟ ಮೇಲೆ ಬಂದು ನಮ್ಮ ಅಕ್ಕಿ ಮೂಟೆ, ಸಕ್ಕರೆ ಮೂಟೆ ಅಟ್ಟಕ್ಕೆ ಹೊತ್ತರು. ಉದ್ರಿ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಮ್ಮ ಮನೆಗೆ ಒಯ್ದರು. ಆ ಪುಸ್ತಕ ಹೋಗಿದ್ದರೆ ಅಂಗಡಿಯೂ ಹೋಗುತ್ತಿತ್ತು.

ಈಗ ಚಿಕ್ಕಪ್ಪ ದಮ್ಮಾಮ್ ಬಿಟ್ಟು ಬರುತ್ತಿದ್ದಾರೆ. ಅಂಗಡಿಯಲ್ಲಿ ಕೂರುತ್ತೇನೆ ಎಂದಿದ್ದಾರೆ. ಅದು ಅವರ ಹಕ್ಕು. ಶುರು ಮಾಡುವಾಗ ಅವರೂ ಮೂಟೆ ಹೊತ್ತಿದ್ದಾರೆ, ಗಲ್ಫಿನಿಂದ ದುಡ್ಡು ಕಳಿಸಿ ಉಪ್ಪನ ಆಪರೇಷನ್ ಮಾಡಿಸಿದ್ದೂ ಅವರೇ. ಅದನ್ನು ನಾನು ಮರೆತಿಲ್ಲ. ಉಪ್ಪನಿಗೆ ಮಂಡಿನೋವು, ಅವರು ಏಳುವ ಯೋಚನೆಯಲ್ಲಿದ್ದಾರೆ. ನನಗೆ ಮಿಷನ್ ಬಿಟ್ಟು ಗಲ್ಲಾದಲ್ಲಿ ಕೂರುವ ಮನಸ್ಸಿಲ್ಲ. ಹಾಗಾಗಿ ಕುಟುಂಬದವರು ಫೋನಿನಲ್ಲೇ ಮಾತಾಡಿಕೊಂಡರು: ಚಿಕ್ಕಪ್ಪ ಬಂದ ಮೇಲೆ ಇಬ್ಬರ ಅಗತ್ಯ ಇಲ್ಲ, ಅವನಿಗೆ ಏನಾದರೂ ಕೊಟ್ಟು ಕಳಿಸುವ.

'ಅವನಿಗೆ' ಅಂದದ್ದು ಅಣ್ಣನಿಗೆ. ಇಪ್ಪತ್ತು ವರ್ಷದ ನಂತರ.

ಚಿಕ್ಕಪ್ಪ, ನೀವು ಈ ಬ್ಲಾಗ್ ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎದುರು ಕೂತು ಹೇಳಲು ನನಗೆ ನಾಲಗೆ ಬರುವುದಿಲ್ಲ, ನೀವು ನನಗೆ ಹಿರಿಯರು. ನೀವು ಬನ್ನಿ, ಜಾಗ ನಿಮ್ಮದು. ಆದರೆ ಅಣ್ಣ ನಮ್ಮ ಟೋನಿ ಮಾರ್ಟಿನ್ ಆಗಬಾರದು. ಕಷ್ಟಕಾಲದಲ್ಲಿ ಬಾಗಿಲು ತೆರೆದಿಟ್ಟವನನ್ನು ಒಳ್ಳೆಯ ಕಾಲ ಬಂದಾಗ ಕಳಿಸಿದ ಮನೆ ಎಂದು ಈ ಊರಿನಲ್ಲಿ ನಮಗೆ ಹೆಸರು ಬರಬಾರದು. ಸಂಬಳದ ಜೊತೆಗೆ ಲಾಭದಲ್ಲಿ ಒಂದು ಪಾಲು, ಸಣ್ಣದೇ ಆಗಲಿ, ಕಾಗದದಲ್ಲಿ ಬರೆದು ಕೊಡುವ. ಬಾಯಿಮಾತಿನಲ್ಲಿ ಬೇಡ. ಕಾಗದ ಸರಿಯಿಲ್ಲದ್ದಕ್ಕೆ ಬಿಲ್ ವಾರ್ಡ್ ತಾನೇ ಕಟ್ಟಿದ ಬ್ಯಾಂಡಿನ ವಿದಾಯಕ್ಕೂ ಬರಲಿಲ್ಲ. ಅಂಗಡಿಗೆ ಇಬ್ಬರು ಹೆಚ್ಚಾಗುವುದಾದರೆ ಪಕ್ಕದ ಖಾಲಿ ಕೋಣೆಯಲ್ಲಿ ತೆಂಗಿನಕಾಯಿಯ ಹೋಲ್‌ಸೇಲ್ ಶುರು ಮಾಡುವ, ನಾವು ಮೊದಲು ಬಂದದ್ದೇ ಅದಕ್ಕಲ್ಲವಾ? ಮೂರು ಗಿಟಾರಿನ ಬ್ಯಾಂಡ್ ನಡೆಯುತ್ತದೆ, ನಾನು ಹದಿನೆಂಟು ವರ್ಷದಿಂದ ಕೇಳುತ್ತಿದ್ದೇನೆ.

ಇದನ್ನು ಕಳಿಸುವ ಮೊದಲು ಉಪ್ಪನಿಗೆ ಓದಿ ಹೇಳಿದೆ. ಅವರು ನಡುವೆ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ, "ಆ ಬೆರಳು ಹೋದವನು ಈಗಲೂ ನುಡಿಸುತ್ತಾನಾ?" ಎಂದು ಕೇಳಿದರು. ನುಡಿಸುತ್ತಾನೆ ಉಪ್ಪ, ಈಗ ಅವನಿಗೆ 77 ವರ್ಷ ಎಂದೆ. ಉಪ್ಪ ಎದ್ದು ಒಳಗೆ ಹೋಗಿ ಹಳೆಯ ಟ್ರಂಕಿನಿಂದ 1986ರ ಪಾಲುದಾರಿಕೆಯ ಕಾಗದ ತಂದು ಮೇಜಿನ ಮೇಲಿಟ್ಟರು. ಅಣ್ಣನ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡು ಎಂದರು, ತಂದೆಯ ಹೆಸರಿನ ಸಮೇತ.

ಚೀಟಿ ಆ ಕಾಗದದ ಮೇಲೆಯೇ ಇದೆ ಚಿಕ್ಕಪ್ಪ. ಬನ್ನಿ, ಕೂತು ಮಾತಾಡುವ.